ಎರಡು ನಾಯಿ, ಇಬ್ಬರು ಅಕ್ಕತಂಗಿಯರು, ಒಂದು ವ್ಯಾಗನ್ ಆರ್: ಬೆಂಗಳೂರಿನಿಂದ ಶಿರಸಿಗೆ ನಿಧಾನವಾಗಿ ಹೋಗುವುದು ಹೇಗೆ

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು ಎಂದು ನನ್ನ ಗಂಡ ಹೇಳುತ್ತಾರೆ. ನಾನು ಮತ್ತು ಅಕ್ಕ ಮೂರು ದಿನ ತೆಗೆದುಕೊಳ್ಳುತ್ತೇವೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಸಿದ್ದಾಪುರ, ಶಿರಸಿ. ರೈಲಿನ ವೇಳಾಪಟ್ಟಿ ಓದಿದ ಹಾಗಿದೆ, ಅಲ್ವಾ? 2021ರಿಂದ ಪ್ರತಿ ಜನವರಿಯಲ್ಲಿ ಇದೇ ದಾರಿ. ಕೊನೆಗೆ ಶಿರಸಿ ಹತ್ತಿರದ ಹಳ್ಳಿಯಲ್ಲಿ ಚಿಕ್ಕಮ್ಮನ ಮನೆ.

ಮೂರು ದಿನ ಯಾಕೆ ಎಂದರೆ ಹಿಂದಿನ ಸೀಟಿನಲ್ಲಿ ಗುಂಡ ಮತ್ತು ಕಾಳಿ ಇರುತ್ತಾರೆ.

ಗುಂಡ 11 ವರ್ಷದ ಲ್ಯಾಬ್ರಡಾರ್. 34 ಕೆಜಿ. ಅಕ್ಕನ ಮಗ ಹಟ ಮಾಡಿ ತಂದ, ಓದಲು ಜರ್ಮನಿಗೆ ಹೋದ, ನಾಯಿ ಅಕ್ಕನ ಪಾಲಿಗೆ ಬಂತು. ಕಾಳಿ ನನ್ನವಳು, ನಮ್ಮ ಬೀದಿಯಲ್ಲೇ ಹುಟ್ಟಿದವಳು. ಮೈಯೆಲ್ಲ ಕಪ್ಪು. ಆದರೆ ಹೆಸರು ಬಣ್ಣದಿಂದ ಬಂದದ್ದಲ್ಲ. ಅಕ್ಕ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದೆಯಲ್ಲ, ಕ್ರಿ.ಶ. 949-50ರದ್ದು, ಅದರಲ್ಲಿ ಮಣಲೇರ ಎಂಬ ವೀರನ ನಾಯಿ ಕಾಳಿ ಕಾಡುಹಂದಿಯ ಮೇಲೆ ಬಿದ್ದ ಕತೆ ಬರುತ್ತದೆ. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅಕ್ಕ ಅಲ್ಲಿಂದ ಹೆಸರು ಆರಿಸಿದಳು. ನಮ್ಮ ಕಾಳಿ ಮಾತ್ರ ಪ್ಲಾಸ್ಟಿಕ್ ಕವರ್ ಗಾಳಿಗೆ ಹಾರಿದರೂ ನನ್ನ ಕಾಲಸಂದಿಗೆ ಬಂದು ನಿಲ್ಲುತ್ತಾಳೆ.

ನಾಯಿ ಕರೆದುಕೊಂಡು ಸಣ್ಣ ಊರುಗಳ ದಾರಿ ಹಿಡಿಯಬೇಕು ಎಂದಿರುವವರಿಗೆ, ನಾವು ಎಡವಿ ಕಲಿತದ್ದನ್ನು ಬರೆಯುತ್ತೇನೆ.

ಹೊರಡುವ ಮುಂಚಿನ ತಿಂಗಳು

ಪ್ರವಾಸ ಗೇಟು ದಾಟಿದ ಮೇಲೆ ಶುರುವಾಗುತ್ತದೆ ಅಂದುಕೊಂಡರೆ ಕೆಟ್ಟಿರಿ. ಒಂದು ತಿಂಗಳು ಮುಂಚೆ ಡಾಕ್ಟರ್ ಹತ್ತಿರ ಹೋಗಿ. ರೇಬಿಸ್ ಲಸಿಕೆ ಹಾಕಿಸಿ ವರ್ಷ ದಾಟಿದೆಯಾ ನೋಡಿ. ಇಲಿಜ್ವರದ ಲಸಿಕೆ, ಅಂದರೆ ಲೆಪ್ಟೊಸ್ಪೈರೋಸಿಸ್‌ದು, ಆಗಿದೆಯಾ ಎಂದು ಕೇಳಿ. ಮಲೆನಾಡಿನಲ್ಲಿ ನಾಯಿ ಕಂಡಕಂಡ ಗುಂಡಿಯ ನೀರಿಗೆ ಬಾಯಿ ಹಾಕುತ್ತದೆ, ಅದಕ್ಕೇ ಇದು ಮುಖ್ಯ. ಉಣ್ಣಿಗೆ ಮಾತ್ರೆ ಕೊಡಿಸಿ. ಈ ಮಾತ್ರೆಗಳಲ್ಲಿ ಒಂದು ತಿಂಗಳು ಕೆಲಸ ಮಾಡುವುದೂ ಇದೆ, ಮೂರು ತಿಂಗಳಿನದೂ ಇದೆ. ನಾಯಿಯ ತೂಕ ನೋಡಿ ಡಾಕ್ಟರೇ ಹೇಳಬೇಕು. ಲಸಿಕೆ ಪುಸ್ತಕದ ಫೋಟೋ ಫೋನಿನಲ್ಲಿರಲಿ, ಪುಸ್ತಕ ಕಾರಿನಲ್ಲಿರಲಿ.

ಆಮೇಲೆ ಕಾರಿನ ಅಭ್ಯಾಸ. ಕಾಳಿಗೆ ಕಾರು ಎಂದರೆ ಇಂಜೆಕ್ಷನ್, ಬೇರೆ ಅರ್ಥವೇ ಇರಲಿಲ್ಲ. ಹಾಗಾಗಿ ಮೊದಲ ವಾರ ನಿಂತ ಕಾರಿನಲ್ಲೇ ಊಟ ಹಾಕಿದೆ. ಎರಡನೇ ವಾರ ಇಂಜಿನ್ ಶುರು ಮಾಡಿ ಸುಮ್ನೆ ಕೂತೆವು. ಮೂರನೇ ವಾರ ಬಡಾವಣೆಯ ಸುತ್ತ ಒಂದು ರೌಂಡ್, ಮುಗಿದ ತಕ್ಷಣ ಪಾರ್ಕ್. ನಾಲ್ಕನೇ ವಾರ ನೆಲಮಂಗಲದವರೆಗೆ ಹೋಗಿ ಬಂದೆವು. ಅಷ್ಟಾದರೂ ಮೊದಲ ವರ್ಷ ಕ್ಯಾತ್ಸಂದ್ರಕ್ಕೆ ಎರಡು ಕಿಲೋಮೀಟರ್ ಇರುವಾಗ ಅಕ್ಕನ ಇಳಕಲ್ ಸೀರೆಯ ಮಡಿಲಲ್ಲೇ ವಾಂತಿ ಮಾಡಿದಳು.

ಆ ವಾಂತಿ ಬರುವ ಮುಂಚಿನ ಲಕ್ಷಣಗಳನ್ನು ಅಕ್ಕ ಈಗ ಬಾಯಿಪಾಠ ಮಾಡಿದ್ದಾಳೆ. ಮೊದಲು ಆಕಳಿಕೆ, ಒಂದಾದ ಮೇಲೊಂದು. ಅದು ನಿದ್ದೆಯ ಆಕಳಿಕೆ ಅಲ್ಲ. ಆಮೇಲೆ ತುಟಿ ನೆಕ್ಕುವುದು, ಏನೂ ಇಲ್ಲದೆ ನುಂಗುವುದು. ಮೂರನೆಯದು ಬಾಯಿಯ ಅಂಚಿನಿಂದ ನೂಲಿನ ಹಾಗೆ ಇಳಿಯುವ ಜೊಲ್ಲು. ಆ ನೂಲು ಕಂಡರೆ ನಿಮಗೆ ಒಂದೆರಡು ನಿಮಿಷ ಇದೆ ಅಂತ ಲೆಕ್ಕ. ಪಕ್ಕಕ್ಕೆ ಹಾಕಿ, ಇಳಿಸಿ, ಹತ್ತು ಹೆಜ್ಜೆ ನಡೆಸಿ. ಅರ್ಧದಷ್ಟು ಸಲ ವಾಂತಿ ಆಗುವುದೇ ಇಲ್ಲ. ಹೊರಡುವ ಐದಾರು ಗಂಟೆ ಮುಂಚೆಯಿಂದ ಊಟ ಹಾಕಬೇಡಿ, ನೀರು ಮಾತ್ರ ಕೊಡಿ. ಕಿಟಕಿ ಎರಡು ಬೆರಳಷ್ಟು ಇಳಿದಿರಲಿ. ಇಷ್ಟಕ್ಕೂ ನಿಲ್ಲದಿದ್ದರೆ ಡಾಕ್ಟರ್ ಮಾತ್ರೆ ಕೊಡುತ್ತಾರೆ. ನಮಗೆ ಬಸ್ಸಿನಲ್ಲಿ ಹೋಗುವಾಗ ತೆಗೆದುಕೊಳ್ಳುವ ಮಾತ್ರೆ ಚೂರು ಮಾಡಿ ಕೊಡಬೇಡಿ.

ಗುಂಡನ ಸಮಸ್ಯೆ ಬೇರೆ. ಅವನಿಗೆ ಕಾರು ಎಂದರೆ ಪ್ರಾಣ, ಹತ್ತಲು ಆಗುವುದಿಲ್ಲ. ಹಿಂಗಾಲು ಸೋತಿದೆ. ಇಬ್ಬರೂ ಸೇರಿ ಎತ್ತಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ಈಗ ಅಡುಗೆಮನೆಯ ಹಳೆಯ ಮರದ ಮಣೆ ಎರಡನ್ನು ಒಂದರ ಮೇಲೊಂದು ಮೊಳೆ ಹೊಡೆಸಿ, ಮೇಲೆ ಗೋಣಿಚೀಲ ಸುತ್ತಿ ಮೆಟ್ಟಿಲು ಮಾಡಿಕೊಂಡಿದ್ದೇವೆ. ಮುಂಗಾಲು ಅವನೇ ಇಡುತ್ತಾನೆ. ಹಿಂದಿನ ಭಾಗಕ್ಕೆ ಹೊಟ್ಟೆಯ ಕೆಳಗೆ, ತೊಡೆಯ ಮುಂದೆ, ಉದ್ದ ಟವೆಲ್ ಹಾಕಿ ಎರಡೂ ತುದಿ ಹಿಡಿದು ಮೇಲೆತ್ತಿದರೆ ಸಾಕು. ತೂಕ ಟವೆಲ್ ಮೇಲೆ, ಮರ್ಯಾದೆ ಅವನ ಹತ್ತಿರ. ಇಳಿಸುವಾಗಲೂ ಹೀಗೇ. ವಯಸ್ಸಾದ ನಾಯಿಗೆ ಹತ್ತುವುದಕ್ಕಿಂತ ಇಳಿಯುವುದರಲ್ಲೇ ಪೆಟ್ಟು ಜಾಸ್ತಿ.

ಡಿಕ್ಕಿಯಲ್ಲಿ ಏನು

ದೊಡ್ಡ ಪಟ್ಟಿ ಬೇಡ. ಐದು ಲೀಟರ್‌ನ ಎರಡು ನೀರಿನ ಕ್ಯಾನ್. ನಾಯಿಗೆ ದಿನಕ್ಕೆ ಕೆಜಿಗೆ ಸುಮಾರು 50-60 ಎಂಎಲ್ ನೀರು ಬೇಕು, ಅಂದರೆ ಗುಂಡನೊಬ್ಬನಿಗೇ ಎರಡು ಲೀಟರ್. ಊರೂರಿನ ನೀರು ಬದಲಾದರೆ ಹೊಟ್ಟೆ ಕೆಡುತ್ತದೆ, ಮನೆಯ ನೀರೇ ಎರಡು ದಿನ ಬರಲಿ. ಸ್ಟೀಲ್ ತಟ್ಟೆ ಎರಡು. ಹಳೆ ಬೆಡ್‌ಶೀಟ್ ಕನಿಷ್ಠ ನಾಲ್ಕು, ಹಳೆ ಪೇಪರ್ ಒಂದು ಕಟ್ಟು. ಅವರವರು ಮನೆಯಲ್ಲಿ ಮಲಗುವ ಹಾಸು, ತೊಳೆಯದೆ. ಹೌದು, ತೊಳೆಯದೆ. ಹೊಸ ಊರಿನ ಹೊಸ ಕೋಣೆಯಲ್ಲಿ ಆ ವಾಸನೆಯೇ ಅವರ ಮನೆ.

ಹಾರ್ನೆಸ್ ಇರಲಿ, ಅದರ ಬೆಲ್ಟನ್ನು ಸೀಟ್ ಬೆಲ್ಟಿನ ಬಕಲ್‌ಗೆ ಸಿಕ್ಕಿಸಿ. ಕತ್ತಿನ ಪಟ್ಟಿಗೆ ಸಿಕ್ಕಿಸಿದರೆ ಬ್ರೇಕ್ ಹಾಕಿದಾಗ ಕುತ್ತಿಗೆಗೇ ಪೆಟ್ಟು. ಕತ್ತಿನ ಪಟ್ಟಿಯಲ್ಲಿ ಫೋನ್ ನಂಬರ್ ಇರಬೇಕು. ಅಕ್ಕ ಪ್ಲಾಸ್ಟಿಕ್ ಬಿಲ್ಲೆ ನಂಬಲಿಲ್ಲ, ಪಟ್ಟಿಯ ಒಳಮೈಗೇ ಮಾರ್ಕರ್‌ನಲ್ಲಿ ಇಬ್ಬರ ನಂಬರ್ ಬರೆದಿದ್ದಾಳೆ. ಸಣ್ಣ ಚಿಮಟ, ಹತ್ತಿ, ಬ್ಯಾಂಡೇಜ್ ಬಟ್ಟೆ, ಸೋಪು. ಸೋಪು ಯಾಕೆಂದು ಮುಂದೆ ಹೇಳುತ್ತೇನೆ.

ತಟ್ಟೆ ಇಡ್ಲಿ ಆಗುತ್ತದೆ, ಸಾಂಬಾರ್ ಆಗುವುದಿಲ್ಲ

ಬೆಳಿಗ್ಗೆ ಐದಕ್ಕೆ ಬಿಟ್ಟರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಿಸಿಯಾಗಿ ಸಿಗುತ್ತದೆ. ನಾವು ಕಾರಿನ ಬಾನೆಟ್ ಮೇಲಿಟ್ಟು ತಿನ್ನುತ್ತೇವೆ. ಗುಂಡನಿಗೆ ಒಂದು ಬರೀ ಇಡ್ಲಿ, ಆರಿಸಿ, ಚೂರು ಮಾಡಿ. ಕಾಳಿಗೆ ಕಾಲು ಭಾಗ. ಹೊಟ್ಟೆಗೆ ಪೂರ್ತಿ ಊಟ ರಾತ್ರಿಯೇ.

ಹೋಟೆಲ್ ತಿಂಡಿಯಲ್ಲಿ ನಾಯಿಗೆ ಆಗದ್ದು ಏನೇನು ಅಡಗಿರುತ್ತದೆ ಎಂದು ನಮಗೆ ಮೊದಲು ತಿಳಿದಿರಲಿಲ್ಲ. ಸಾಂಬಾರಿನಲ್ಲಿ ಈರುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ, ಬೇಯಿಸಿದರೂ ಅಷ್ಟೇ. ಉದ್ದಿನ ವಡೆಯಲ್ಲೂ ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿರುತ್ತಾರೆ. ಕೇಸರಿಬಾತಿನಲ್ಲಿ ಒಣದ್ರಾಕ್ಷಿ. ದ್ರಾಕ್ಷಿ ಹಸಿಯೋ ಒಣಗಿದ್ದೋ, ಮೂತ್ರಪಿಂಡಕ್ಕೆ ಏಟು. ದಾರಿಯಲ್ಲಿ ಕಣ್ಣು ಮುಚ್ಚಿ ಕೊಡಬಹುದಾದದ್ದು ಇಷ್ಟೇ: ಬರೀ ಇಡ್ಲಿ, ಬರೀ ಅನ್ನ, ನೀರಾದ ಮೊಸರು, ಬೇಯಿಸಿದ ಮೊಟ್ಟೆ. ಸಂಜೆ ಆದ ಮೇಲೆ ಯಾವ ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಹೋದರೂ ಮೊಟ್ಟೆ ಗಾಡಿ ಇರುತ್ತದೆ. ಉಪ್ಪು, ಖಾರದಪುಡಿ ಹಾಕಬೇಡಿ ಎಂದು ಮೊದಲೇ ಹೇಳಿ, ಅವರ ಕೈ ಅಭ್ಯಾಸದ ಮೇಲೆ ಓಡುತ್ತದೆ.

ತಿಪಟೂರಿನಲ್ಲಿ ಎಳನೀರು ಕುಡಿಯದೆ ಮುಂದೆ ಹೋಗುವುದು ಪಾಪ ಎಂದು ಅಕ್ಕನ ನಂಬಿಕೆ. ಕೊಬ್ಬರಿ ಮಾರುಕಟ್ಟೆಯ ಊರು, ಗಾಳಿಯಲ್ಲೇ ಎಣ್ಣೆಯ ವಾಸನೆ. ಒಂದು ಸಲ ಅಂಗಡಿಯವರು ಪ್ರೀತಿಯಿಂದ ಗುಂಡನಿಗೆ ಅರ್ಧ ಗಿಟುಕು ಕೊಬ್ಬರಿ ಕೊಟ್ಟರು. ಬೇಡ ಅನ್ನಲು ನಮಗೆ ಸಂಕೋಚ. ಅರಸೀಕೆರೆ ಮುಟ್ಟುವ ಮುಂಚೆ ಮೂರು ಸಲ ಕಾರು ನಿಲ್ಲಿಸಬೇಕಾಯಿತು. ಕೊಬ್ಬರಿ ವಿಷವಲ್ಲ, ಆದರೆ ಅಷ್ಟು ಎಣ್ಣೆ ಲ್ಯಾಬ್ರಡಾರ್ ಹೊಟ್ಟೆ ತಡೆಯುವುದಿಲ್ಲ. ಈಗ "ಡಾಕ್ಟರ್ ಬೇಡ ಅಂದಿದಾರೆ ಅಣ್ಣ" ಅನ್ನುತ್ತೇವೆ. ಡಾಕ್ಟರ್ ಹೆಸರು ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಬಿಸಿಲು. ಹನ್ನೊಂದರಿಂದ ಮೂರೂವರೆವರೆಗೆ ನಾವು ಓಡಿಸುವುದಿಲ್ಲ. ಜನವರಿ ಅಂತ ನೆಚ್ಚಬೇಡಿ, ಅರಸೀಕೆರೆ ಕಡೆ ಮಧ್ಯಾಹ್ನದ ಟಾರು ಕಾದಿರುತ್ತದೆ. ಅಂಗೈಯ ಹಿಂಭಾಗ ರಸ್ತೆಗೆ ಇಟ್ಟು ಏಳರವರೆಗೆ ಎಣಿಸಿ. ನಿಮಗೆ ತಡೆಯದಿದ್ದರೆ ನಾಯಿಯ ಪಾದಕ್ಕೂ ತಡೆಯದು. ಇನ್ನು ನಿಂತ ಕಾರಿನಲ್ಲಿ ನಾಯಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಹತ್ತು ಡಿಗ್ರಿಯಷ್ಟು ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದ್ದೇನೆ ಅನ್ನುವ ಸಮಾಧಾನ ನಿಮಗೆ, ನಾಯಿಗಲ್ಲ. ಒಬ್ಬರು ಹೋಟೆಲಿಗೆ ಹೋದರೆ ಒಬ್ಬರು ಕಾರಿನ ಹತ್ತಿರ, ನೆರಳಲ್ಲಿ. ಇಬ್ಬರು ಹೋಗುವುದರ ಲಾಭವೇ ಅದು. ಒಬ್ಬರೇ ಹೋಗುವವರು ಊಟ ಕಟ್ಟಿಸಿಕೊಳ್ಳಿ.

ಬೀದಿಯ ಯಜಮಾನರು

ಸಣ್ಣ ಊರಿನ ಪ್ರತಿ ಬೀದಿಗೂ ಒಬ್ಬ ಯಜಮಾನ ಇರುತ್ತಾನೆ. ನಾಲ್ಕು ಕಾಲಿನವನು. ನಿಮ್ಮ ಪೇಟೆಯ ನಾಯಿ ಶಾಂಪೂ ವಾಸನೆಯ ಜೊತೆ ಇಳಿದ ಕೂಡಲೇ ಅವನಿಗೆ ಸುದ್ದಿ ಮುಟ್ಟುತ್ತದೆ.

ಎಲ್ಲಿ ಇಳಿಸಬಾರದು ಎಂದರೆ: ಬಸ್‌ಸ್ಟ್ಯಾಂಡ್, ಮಾಂಸದ ಅಂಗಡಿ ಇರುವ ಓಣಿ, ಹೋಟೆಲ್ ಹಿಂಭಾಗ, ಕಲ್ಯಾಣ ಮಂಟಪ. ಊರು ಮುಗಿದು ಎರಡು ಕಿಲೋಮೀಟರ್ ಆದ ಮೇಲೆ, ಎರಡೂ ಕಡೆ ಕಾಣುವಂಥ ತೋಟದ ಅಂಚು ಒಳ್ಳೆಯದು. ಕಾರು ನಿಲ್ಲಿಸಿ ಎರಡು ನಿಮಿಷ ಒಳಗೇ ಕೂತು ನೋಡಿ. ಯಾವ ಪೊದೆಯಿಂದಲೂ ಕಿವಿ ಏಳದಿದ್ದರೆ ಇಳಿಯಿರಿ. ಮೊದಲು ಮನುಷ್ಯರು, ಆಮೇಲೆ ಹಗ್ಗ, ಆಮೇಲೆ ನಾಯಿ. ಈ ಕ್ರಮ ತಪ್ಪಿ ಬೀರೂರಿನ ಹತ್ತಿರ ಕಾಳಿ ಎಮ್ಮೆಯೊಂದರ ಹಿಂದೆ ಅರ್ಧ ಕಿಲೋಮೀಟರ್ ಹೋಗಿದ್ದಳು. ಎಮ್ಮೆ ತಿರುಗಿ ನೋಡಿದ ಮೇಲೆ ಅದೇ ವೇಗದಲ್ಲಿ ವಾಪಸ್ ಬಂದಳು.

ಬೀದಿನಾಯಿ ಎದುರಾದರೆ ಓಡಬೇಡಿ, ಕಿರುಚಬೇಡಿ. ನಿಮ್ಮ ನಾಯಿಯನ್ನು ತೋಳಲ್ಲಿ ಎತ್ತಬೇಡಿ, ಕೆಳಗಿನದು ಹಾರಿ ನಿಮ್ಮನ್ನೇ ಕಚ್ಚಬಹುದು. ನಿಮ್ಮ ನಾಯಿ ಮತ್ತು ಅದರ ನಡುವೆ ನೀವು ನಿಂತು, ಹಗ್ಗ ಚಿಕ್ಕದು ಮಾಡಿ, ಕಾರಿನ ಕಡೆ ಪಕ್ಕಪಕ್ಕಕ್ಕೆ ಸರಿಯಿರಿ. ಬಿಸ್ಕತ್ತು ಎಸೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಇದ್ದದ್ದು ನಾಲ್ಕಾಗುತ್ತದೆ, ನಾಲ್ಕರ ನಡುವೆ ಜಗಳ ಶುರುವಾಗುತ್ತದೆ. ಅಕ್ಕನ ಹತ್ತಿರ ಕೊನೆಯ ಅಸ್ತ್ರ ಒಂದಿದೆ: ಕಲ್ಲು ಎತ್ತಿಕೊಳ್ಳುವವಳ ಹಾಗೆ ಬಗ್ಗುವುದು. ಕಲ್ಲು ಬೇಕಿಲ್ಲ, ಎಸೆಯಲೂ ಬೇಕಿಲ್ಲ. ಮೊಣಕಾಲು ನೋವಿರುವ ಅಕ್ಕ ಅರ್ಧ ಬಗ್ಗಿದರೂ ಸಾಕು, ನಾಲ್ಕು ಹೆಜ್ಜೆ ಹಿಂದೆ ಹೋಗುತ್ತವೆ. ಪಾಪ, ಎಷ್ಟು ಕಲ್ಲು ತಿಂದಿವೆಯೋ.

ಕಿವಿಯ ತುದಿ ಸ್ವಲ್ಪ ಕತ್ತರಿಸಿದಂತೆ ಇರುವ ಬೀದಿನಾಯಿ ಕಂಡರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ಗುರುತು. ಲಸಿಕೆಯನ್ನೂ ಆಗಲೇ ಹಾಕಿರುತ್ತಾರೆ. ಹಾಗಂತ ಹೋಗಿ ಮುದ್ದು ಮಾಡಿ ಎಂದಲ್ಲ, ಲಸಿಕೆಯನ್ನು ವರ್ಷವರ್ಷ ಹಾಕಿಸಬೇಕು.

ಫೋನಿನಲ್ಲಿ ಮೊದಲ ಮಾತು "ನಾಯಿ ಇದೆ"

ಮೊದಲ ವರ್ಷ ದಾರಿಯ ಒಂದು ಊರಿನಲ್ಲಿ ಆ್ಯಪ್ ನೋಡಿ ರೂಮು ಬುಕ್ ಮಾಡಿದ್ದೆ. ನಾಯಿಯ ವಿಷಯ ಹೇಳಿರಲಿಲ್ಲ. ಹೋದ ಮೇಲೆ ನೋಡಿಕೊಳ್ಳೋಣ ಎಂಬ ಜಾಣತನ. ರಾತ್ರಿ ಎಂಟಕ್ಕೆ ಹೋದರೆ ಮೆಟ್ಟಿಲಲ್ಲೇ ನಿಲ್ಲಿಸಿದರು. ಹಣ ವಾಪಸ್ ಇಲ್ಲ, ರೂಮೂ ಇಲ್ಲ. ಅಕ್ಕ ಕಾರಿನಲ್ಲಿ ಕೂತು ಹೇಳಿದಳು, "ಕೂಸೇ, ಮದುವೆಗೆ ಹೆಣ್ಣು ತೋರಿಸದೆ ಲಗ್ನ ಇಟ್ಟ ಹಾಗಾಯ್ತಲ್ಲೇ ಮಾರಾಯ್ತಿ." ಹತ್ತೂವರೆವರೆಗೆ ಐದು ಕಡೆ ಕೇಳಿದೆವು. ಕೊನೆಗೆ ಒಂದು ಹಳೆ ಲಾಡ್ಜಿನ ಅಜ್ಜ ಕಾರಿನ ಹತ್ತಿರ ಬಂದು, ಟಾರ್ಚ್ ಹಾಕಿ, ಗುಂಡನ ಬಿಳಿಯಾದ ಮೂತಿ ನೋಡಿ, "ಇದು ನನ್ನಷ್ಟೇ ಮುದುಕ. ಬರ್ಲಿ" ಎಂದರು.

ಸಣ್ಣ ಊರಿನವರಿಗೆ ನಾಯಿ ಆಗುವುದಿಲ್ಲ ಎಂಬುದು ಸುಳ್ಳು. ಹೇಳದೆ ನುಗ್ಗುವುದು ಆಗುವುದಿಲ್ಲ, ಅಷ್ಟೇ. ಈಗ ಆ್ಯಪ್ ಬಿಟ್ಟಿದ್ದೇವೆ. ಒಂದು ವಾರ ಮುಂಚೆ ಲಾಡ್ಜಿಗೆ ನೇರ ಫೋನ್. ನಾನು ಹೇಳುವುದು ಹೆಚ್ಚುಕಡಿಮೆ ಹೀಗೆ: "ನಮಸ್ಕಾರ. ನಾವು ಇಬ್ರು ಹೆಂಗಸರು, ಜೊತೆಗೆ ಎರಡು ನಾಯಿ ಇದೆ. ಲಸಿಕೆ ಆಗಿದೆ. ಹಾಸಿಗೆ ಮೇಲೆ ಹತ್ತಿಸಲ್ಲ, ನಮ್ಮದೇ ಹಾಸು ತರ್ತೀವಿ. ಕೆಳಗಿನ ರೂಮು ಸಿಗುತ್ತಾ? ಕ್ಲೀನಿಂಗಿಗೆ ಜಾಸ್ತಿ ಆದ್ರೆ ಕೊಡ್ತೀವಿ." ಹತ್ತರಲ್ಲಿ ಏಳೆಂಟು ಜನ ಇಲ್ಲ ಎನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಬೇಕಾದದ್ದು ಒಂದು ಹೂಂ. ಕೆಳಗಿನ ಮಹಡಿ ಕೇಳುವುದನ್ನು ಮರೆಯಬೇಡಿ, ಮಧ್ಯರಾತ್ರಿ ಎರಡಕ್ಕೆ 34 ಕೆಜಿ ಇಳಿಸುವವರು ನೀವೇ. ರೈಲು ನಿಲ್ದಾಣದ ಪಕ್ಕದ ಲಾಡ್ಜ್ ಬೇಡ. ಅರಸೀಕೆರೆ ಜಂಕ್ಷನ್ನಿನ ಸದ್ದಿಗೆ ಕಾಳಿ ಇಡೀ ರಾತ್ರಿ ಮಂಚದ ಕೆಳಗಿದ್ದಳು. ಅದಕ್ಕೇ ಈಗ ಮೊದಲ ರಾತ್ರಿ ಕಡೂರಿನಲ್ಲಿ, ಸ್ಟೇಷನ್‌ನಿಂದ ದೂರ.

ಬಿಡುವಾಗ ಕೋಣೆ ನೀವೇ ಗುಡಿಸಿ. ಕೂದಲು ಎತ್ತಲು ಒದ್ದೆ ರಬ್ಬರ್ ಗ್ಲೌಸ್ ಹಾಕಿ ನೆಲ, ಸೋಫಾ ಸವರಿದರೆ ಉಂಡೆಯಾಗಿ ಬರುತ್ತದೆ. ರೂಮ್‌ಬಾಯ್ ಕೈಗೆ ನೂರು ರೂಪಾಯಿ. ಮುಂದೆ ಬರುವ ನಾಯಿಗೆ ಅದು ಬುಕಿಂಗ್ ಅಡ್ವಾನ್ಸ್.

ದೇವಸ್ಥಾನದಲ್ಲಿ ಪಾಳಿ

ತರೀಕೆರೆ ಹತ್ತಿರದ ಅಮೃತಪುರಕ್ಕೆ ಹೋಗದೆ ಅಕ್ಕ ಮುಂದೆ ಹೋಗಲು ಬಿಡುವುದಿಲ್ಲ. 1196ರ ಹೊಯ್ಸಳ ಗುಡಿ, ಎರಡನೇ ವೀರಬಲ್ಲಾಳನ ಕಾಲದ್ದು. ಮುಖಮಂಟಪದ ಕಂಬಗಳ ನುಣುಪಿನಲ್ಲಿ ನಿಮ್ಮ ಮುಖದ ನೆರಳು ಕಾಣುತ್ತದೆ. ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಭಾರತದ ಕತೆಗಳು ಸಾಲಾಗಿವೆ. ಅಕ್ಕನಿಗೆ ಒಂದು ಗಂಟೆ ಬೇಕು, ನನಗೆ ಇಪ್ಪತ್ತು ನಿಮಿಷ ಸಾಕು. ಅದಕ್ಕೇ ಪಾಳಿ. ಮೊದಲು ಅವಳು, ಆಮೇಲೆ ನಾನು. ನಾಯಿಗಳು ಪ್ರಾಕಾರದ ಹೊರಗೆ, ದೂರದಲ್ಲಿ, ಮರದ ಕೆಳಗೆ. ಪಾಳಿ ಮೊದಲೇ ಮಾತಾಡಿಕೊಳ್ಳಿ. ನಮ್ಮ ಐದು ವರ್ಷದ ದೊಡ್ಡ ಜಗಳಗಳಲ್ಲಿ ಮೂರು ಇದೇ ವಿಷಯಕ್ಕೆ ಆದದ್ದು. ಇನ್ನೆರಡು ಎಸಿ ಹಾಕುವ ವಿಷಯಕ್ಕೆ.

ಮರದ ಕೆಳಗೆ ಕೂತವರಿಗೂ ನಷ್ಟವಿಲ್ಲ. ಊರಿನ ಮಕ್ಕಳು ಬರುತ್ತಾರೆ, "ಕಚ್ಚತ್ತಾ?" ಎಂದು ಕೇಳುತ್ತಾರೆ. ಆಮೇಲೆ ದೊಡ್ಡವರು ಬಂದು "ಎಷ್ಟು ಕೊಟ್ರಿ?" ಎನ್ನುತ್ತಾರೆ. ಕಾಳಿಗೆ ಏನೂ ಕೊಟ್ಟಿಲ್ಲ ಎಂದರೆ ನಂಬುವುದಿಲ್ಲ. ಮಕ್ಕಳಿಗೆ ಮುಟ್ಟಲು ಬಿಡುವುದಾದರೆ ಒಬ್ಬೊಬ್ಬರಾಗಿ, ತಲೆಯ ಮೇಲಲ್ಲ, ಕತ್ತಿನ ಪಕ್ಕಕ್ಕೆ. ಕೈ ಮುಷ್ಟಿ ಮಾಡಿ ಮೊದಲು ಮೂಸಲು ಕೊಡಿಸಿ. ನಾಯಿ ಮುಖ ತಿರುಗಿಸಿದರೆ ಆಟ ಮುಗಿಯಿತು ಎಂದು ಹೇಳಿಬಿಡಿ.

ಶಿವಮೊಗ್ಗ ದಾಟಿದ ಮೇಲೆ

ಎರಡನೇ ರಾತ್ರಿ ಶಿವಮೊಗ್ಗ. ಮರುದಿನ ಸಾಗರದ ರಸ್ತೆಯಲ್ಲಿ ತ್ಯಾವರೆಕೊಪ್ಪದ ಸಿಂಹಧಾಮ ದಾಟುವಾಗ ಮಲಗಿದ್ದ ಕಾಳಿ ಎದ್ದು ಮೂಗು ಕಿಟಕಿಗೆ ಇಡುತ್ತಾಳೆ. ಪ್ರತಿ ವರ್ಷ. ಅಲ್ಲಿಂದ ಮುಂದೆ ನಿಯಮ ಬದಲಾಗುತ್ತದೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಸಾಕುನಾಯಿ ಒಯ್ಯುವಂತಿಲ್ಲ. ನಿಮ್ಮ ನಾಯಿಯಿಂದ ಕಾಡಿನ ಪ್ರಾಣಿಗಳಿಗೆ ರೋಗ ಹೋಗುತ್ತದೆ, ಅವುಗಳಿಂದ ನಿಮ್ಮ ನಾಯಿಗೂ ಬರುತ್ತದೆ. ರಸ್ತೆಯ ಪಕ್ಕದ ಕಾಡೂ ಕಾಡೇ, ಅಲ್ಲೂ ಹಗ್ಗ ಬಿಚ್ಚಬೇಡಿ.

ಉಣ್ಣಿ ಅನ್ನಿ, ಉಣುಗು ಅನ್ನಿ, ಜನವರಿಯಲ್ಲಿ ಮಲೆನಾಡಿನ ತರಗೆಲೆಯಲ್ಲಿ ಅದರದ್ದೇ ರಾಜ್ಯ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಸೀಮೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಮನುಷ್ಯರಿಗೆ ಹರಡುವುದು ಉಣ್ಣಿಯಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ. ನಾಯಿ ತರಗೆಲೆಯಲ್ಲಿ ಹೊರಳಿ ಬಂದು ನಿಮ್ಮ ತೊಡೆ ಮೇಲೆ ತಲೆ ಇಟ್ಟರೆ ಉಣ್ಣಿಗೆ ಪುಕ್ಕಟೆ ಸವಾರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಂಚಿನ ಊರಿನಲ್ಲಿ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಮನುಷ್ಯರಿಗೆ. ನಾಯಿಗೆ ಹಚ್ಚಬೇಡಿ, ನೆಕ್ಕುತ್ತದೆ.

ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಹುಡುಕುವುದು ನಮ್ಮ ದಿನಚರಿ. ಕಿವಿಯ ಮಡಿಕೆ, ಕಂಕುಳು, ಬೆರಳ ಸಂದಿ, ಬಾಲದ ಬುಡ, ಕತ್ತಿನ ಪಟ್ಟಿಯ ಅಡಿ. ಬೆರಳಿಗೆ ಎಳ್ಳುಕಾಳಿನಂತೆ ಸಿಗುತ್ತದೆ. ಕೂದಲು ಎರಡು ಕಡೆ ಸರಿಸಿ, ಚಿಮಟವನ್ನು ಚರ್ಮಕ್ಕೆ ತಾಗುವಷ್ಟು ಕೆಳಗೆ ಇಟ್ಟು, ಹೊಟ್ಟೆ ಹಿಚುಕದೆ, ನೇರವಾಗಿ ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಉಗುರಿನಲ್ಲಿ ಕುಕ್ಕುವುದೂ ಬೇಡ. ಕಿತ್ತದ್ದನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ. ಆಮೇಲೆ ನಿಮ್ಮ ಕಾಲನ್ನೂ ನೋಡಿಕೊಳ್ಳಿ. ಒಂದು ರಾತ್ರಿ ಗುಂಡನ ಮೈಯಲ್ಲಿ ಒಂದೂ ಇರಲಿಲ್ಲ, ಅಕ್ಕನ ಮೊಣಕಾಲ ಹಿಂದೆ ಎರಡಿದ್ದವು.

ಇಂಬಳದ, ಅಂದರೆ ಜಿಗಣೆಯ, ಬಗ್ಗೆ ಕೇಳುವವರಿಗೆ: ಮಳೆಗಾಲದಲ್ಲಿ ಬರಬೇಡಿ.

ಚಿಕ್ಕಮ್ಮನ ಅಂಗಳ

ಹಳ್ಳಿಮನೆಗೆ ನಾಯಿ ಒಯ್ಯುವುದು ಲಾಡ್ಜಿಗಿಂತ ಕಷ್ಟ, ಯಾಕೆಂದರೆ ಅಲ್ಲಿ ಯಾರೂ ಬೇಡ ಎನ್ನುವುದಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಟೈಗರ್ ಇದ್ದಾನೆ. ಬೆಕ್ಕಿಗೆ ಹೆದರುತ್ತಾನೆ, ಆದರೆ ಹೊಸ ನಾಯಿಗೆ ಹೆದರುವುದಿಲ್ಲ. ಅವನನ್ನು ಅಂಗಳದಲ್ಲಿ ಎದುರುಬದುರು ನಿಲ್ಲಿಸಿ ಪರಿಚಯ ಮಾಡಿಸಿದ ಮೊದಲ ವರ್ಷ ಕಾಳಿಯ ಕಿವಿ ಹರಿಯಿತು. ಈಗ ಚಿಕ್ಕಮ್ಮನ ಮಗ ಟೈಗರನ್ನು ರಸ್ತೆಗೇ ಕರೆದುಕೊಂಡು ಬರುತ್ತಾನೆ. ಅದು ಯಾರ ಜಾಗವೂ ಅಲ್ಲ. ಎಲ್ಲರೂ ಒಂದೇ ದಿಕ್ಕಿಗೆ, ಎರಡು ಮಾರು ಅಂತರ ಬಿಟ್ಟು, ಕಾಲು ಗಂಟೆ ನಡೆಯುತ್ತೇವೆ. ಹಗ್ಗ ಸಡಿಲವಾಗಿರಲಿ, ನೀವು ಬಿಗಿ ಹಿಡಿದರೆ ಏನೋ ಅಪಾಯ ಇದೆ ಎಂದು ಅದಕ್ಕೆ ಅನಿಸುತ್ತದೆ. ಒಂದರ ಮೂತ್ರ ಇನ್ನೊಂದು ಮೂಸಿ ಮುಗಿದ ಮೇಲೆ ಜೊತೆಯಲ್ಲೇ ಮನೆಗೆ.

ಜನವರಿ ಎಂದರೆ ಅಡಿಕೆ ಸುಗ್ಗಿ. ಅಂಗಳದ ತುಂಬ ಚಾಲಿ, ಅಂದರೆ ಒಣಗಲು ಹಾಕಿದ ಹಣ್ಣಡಿಕೆ, ಹರವಿರುತ್ತಾರೆ. ಎರಡನೇ ವರ್ಷ ಗುಂಡ ಆ ರಾಶಿಯ ಅಂಚಿಗೆ ಹೋಗಿ ಸಾವಕಾಶವಾಗಿ ಕಾಲೆತ್ತಿದ. ಇಡೀ ಮನೆ ಒಂದು ಕ್ಷಣ ಉಸಿರು ಬಿಡಲಿಲ್ಲ. ಚಿಕ್ಕಮ್ಮ ಮೊರ ತಂದು ಅಷ್ಟು ಭಾಗ ಬೇರೆ ಮಾಡಿ, "ಮಂಡಿಯಲ್ಲಿ ಇದಕ್ಕೆ ಬೇರೆ ರೇಟು ಕೇಳ್ಬೇಕು" ಎಂದಳು. ಇನ್ನೊಂದು ಕಾರಣಕ್ಕೂ ನಾಯಿಯನ್ನು ಅಡಿಕೆಯಿಂದ ದೂರ ಇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳು ಕೆಡವಲು ಔಷಧಿಯಾಗಿ ಕೊಡುತ್ತಿದ್ದರು. ಲೆಕ್ಕ ತಪ್ಪಿದರೆ ಜೊಲ್ಲು, ವಾಂತಿ, ಭೇದಿ, ನಡುಕ. ಅಡಿಕೆ ಜಗಿದು ಆಡುವ ಚಟ ಇರುವ ಮರಿನಾಯಿಗಳಿಗೆ ಅಂಗಳವೇ ಬೇಡ, ಹಿತ್ತಿಲಲ್ಲಿ ಕಟ್ಟಿ.

ರಾತ್ರಿ ಜಗಲಿಯಲ್ಲಿ ಕಟ್ಟಬೇಡಿ. ಇದನ್ನು ಎರಡು ಸಲ ಓದಿ. ಕಾಡಂಚಿನ ಮನೆಗಳಲ್ಲಿ ಚಿರತೆ ಜಗಲಿಯಿಂದಲೇ ನಾಯಿ ಎತ್ತಿಕೊಂಡು ಹೋಗುತ್ತದೆ, ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ನಮ್ಮವು ಒಳಗೆ, ಬಾಗಿಲು ಹಾಕಿದ ಕೋಣೆಯಲ್ಲಿ. ರಾತ್ರಿ ಹೊರಗೆ ಬಿಡಬೇಕಾದರೆ ದೀಪ ಹಾಕಿ, ಹಗ್ಗ ಹಿಡಿದು, ಇಬ್ಬರೂ ಹೋಗುತ್ತೇವೆ.

ಏನಾದರೂ ಆದರೆ

ತಾಲ್ಲೂಕು ಕೇಂದ್ರದಲ್ಲೆಲ್ಲ ಸರ್ಕಾರಿ ಪಶು ಆಸ್ಪತ್ರೆ ಇರುತ್ತದೆ. ದನಕ್ಕೆ ಮಾತ್ರ ಅಂದುಕೊಳ್ಳಬೇಡಿ, ನಾಯಿಯನ್ನೂ ನೋಡುತ್ತಾರೆ. ಬೆಳಿಗ್ಗೆ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಆ ಕಡೆ ಏನಾದರೂ ದೊಡ್ಡದಾದರೆ ನಮ್ಮ ಲೆಕ್ಕದಲ್ಲಿ ಅಲ್ಲಿಗೇ. ಪಶು ಸಂಜೀವಿನಿ ವಾಹನಕ್ಕೆ 1962 ನಂಬರ್.

ನಿಮ್ಮನ್ನು ಯಾವುದಾದರೂ ನಾಯಿ ಕಚ್ಚಿದರೆ, ಪರಚಿದರೂ ಸರಿ, ಆ ಸೋಪು ತೆಗೆಯಿರಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ. ಊರು ಬಿಟ್ಟು ಹೊರಟಿದ್ದೇವೆ, ಮನೆಗೆ ಹೋಗಿ ನೋಡೋಣ ಎನ್ನಬೇಡಿ. ಉಳಿದ ಡೋಸನ್ನು ಮುಂದಿನ ಊರಿನಲ್ಲೂ ಹಾಕಿಸಬಹುದು, ಚೀಟಿ ಜೋಪಾನ.

ನಾಯಿಗೆ ಬಿಸಿಲು ಹೊಡೆದರೆ, ಅಂದರೆ ನಾಲಿಗೆ ಗಾಢ ಕೆಂಪಾಗಿ, ತೇಕು ನಿಲ್ಲದೆ, ಕಾಲು ತಡವರಿಸಿದರೆ, ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದಿ, ಪಾದಕ್ಕೆ ಸಾದಾ ತಣ್ಣೀರು ಹಾಕಿ, ಗಾಳಿ ಬೀಸಿ, ಆಸ್ಪತ್ರೆಗೆ ಹೊರಡಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಜ್ವರ, ನೋವು ಅಂತ ನಮ್ಮ ಮಾತ್ರೆ ಯಾವುದನ್ನೂ ಕೊಡಬೇಡಿ.

ವಾಪಸ್ ಬಂದ ಮೇಲೆ

ಬರುವಾಗ ಎರಡೇ ದಿನ, ಎಲ್ಲರಿಗೂ ಮನೆ ನೆನಪಾಗಿರುತ್ತದೆ. ಹಾಸು, ಬೆಡ್‌ಶೀಟ್ ಎಲ್ಲ ಬಿಸಿನೀರಿಗೆ ಹಾಕಿ. ಕಾರಿನ ಸೀಟಿನ ಸಂದಿಗಳನ್ನು ವ್ಯಾಕ್ಯೂಮ್ ಮಾಡಿಸಿ, ಚೀಲವನ್ನು ಅಲ್ಲೇ ಕಟ್ಟಿ ಬಿಸಾಡಿ. ಇನ್ನೆರಡು ವಾರ ಟಾರ್ಚ್ ದಿನಚರಿ ಬಿಡಬೇಡಿ. ನಾಯಿ ಊಟ ಬಿಟ್ಟರೆ, ಮಂಕಾದರೆ, ಒಸಡು ಬಿಳಿಚಿಕೊಂಡರೆ, ಮೂತ್ರದ ಬಣ್ಣ ಗಾಢವಾದರೆ ಉಣ್ಣಿಜ್ವರ ಇರಬಹುದು. ಡಾಕ್ಟರ್ ಹತ್ತಿರ ಹೋದಾಗ "ಎರಡು ದಿನದಿಂದ ತಿಂತಿಲ್ಲ" ಎಂದಷ್ಟೇ ಹೇಳಬೇಡಿ. ಮಲೆನಾಡಿಗೆ ಹೋಗಿದ್ದೆವು, ಇಂಥ ತಾರೀಕು, ಇಷ್ಟು ಉಣ್ಣಿ ಕಿತ್ತೆವು ಎಂದು ಹೇಳಿ. ನಿಮಗೇ ಜ್ವರ ಬಂದರೂ ನಿಮ್ಮ ಡಾಕ್ಟರಿಗೆ ಇದನ್ನೇ ಹೇಳಿ. ಅಕ್ಕ ಇದಕ್ಕೆಂದೇ ಲಸಿಕೆ ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿ ಇಟ್ಟಿದ್ದಾಳೆ. ಈ ವರ್ಷದ್ದು: ಕಾಳಿ ಏಳು, ಗುಂಡ ಮೂರು, ಅಕ್ಕ ಎರಡು, ನಾನು ಸೊನ್ನೆ.